ಎಣ್ಣೆ ಸವರಿದ ಸೀಬೆ

ಪ್ರೀತಿಯ ಅಕ್ಕನಿಗೆ,

ನೀನು ಗೊತ್ತುಮಾಡಿದ್ದ ಮರ ಕಡಿಯುವವರು ಇವತ್ತು ಬೆಳಿಗ್ಗೆ ಬಂದಿದ್ದರು. ನಾನೇ ವಾಪಸ್ ಕಳಿಸಿದೆ. ಸಿಟ್ಟಾಗುವ ಮೊದಲು ಈ ಕಾಗದವನ್ನು ಪೂರ್ತಿ ಓದು.

ಅಪ್ಪನ ತೋಟದಲ್ಲಿ ಹಣ್ಣುನೊಣ ಮುಟ್ಟದ ಸೀಬೆ ಒಂದೂ ಇಲ್ಲ ಎಂದು ನೀನು ಹೇಳಿದ್ದು ಹೋದ ವರ್ಷದ ಮಟ್ಟಿಗೆ ನಿಜ. ಈ ಸಲ ಕಾಯಿ ಬಲಿಯುವ ಮೊದಲೇ, ತೋಟಕ್ಕೆಂದೇ ಮಾರುವ ಖನಿಜ ತೈಲವನ್ನು ನೀರಿನಲ್ಲಿ ತೆಳುವಾಗಿ ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸಿದೆ. ಅದು ನೊಣವನ್ನು ಕೊಲ್ಲುವುದಿಲ್ಲ. ನೊಣ ಬಂದು ಕೂರುತ್ತದೆ, ಎಣ್ಣೆ ಸವರಿದ ಸಿಪ್ಪೆ ಹಿಡಿಸದೆ, ಮೊಟ್ಟೆಯಿಡದೆ ಹಾರಿಹೋಗುತ್ತದೆ. ಮೊದಲ ವಾರ ಉರಿಬಿಸಿಲಿನಲ್ಲಿ ಹೊಡೆದು ಒಂದು ಮರದ ಎಲೆ ಸುಟ್ಟೆ. ಆಮೇಲೆ ಬೆಳಗಿನ ತಂಪಿನಲ್ಲೇ ಹೊಡೆದೆ.

ಮರ ಕಡಿಯುವವರ ಮೇಸ್ತ್ರಿ ನಕ್ಕುಬಿಟ್ಟರು. "ಎಣ್ಣೆ ಹಚ್ಚಿದ್ರೆ ಹುಳ ಹೋಗುತ್ತಾ ತಾಯಿ? ನಿಮ್ಮಕ್ಕ ಬುಡಸಮೇತ ತೆಗೀರಿ ಅಂದಿದಾರೆ."

ಬುಟ್ಟಿಯನ್ನೂ ಚಾಕುವನ್ನೂ ಅವರ ಕೈಗೇ ಕೊಟ್ಟೆ. ಅವರೇ ಮರಗಳಿಂದ ಆರಿಸಿ ಕಿತ್ತು ಇಪ್ಪತ್ತು ಹಣ್ಣು ಹೆಚ್ಚಿ ನೋಡಿದರು. ಒಂದರಲ್ಲಿ ಮಾತ್ರ ಹುಳವಿತ್ತು. ಇಪ್ಪತ್ತೊಂದನೆಯದನ್ನು ತೊಳೆದು, ಹೆಚ್ಚದೆ ಹಾಗೆಯೇ ಕಚ್ಚಿ ತಿಂದರು.

"ನಿಮ್ಮಕ್ಕಂಗೆ ಏನು ಹೇಳ್ಲಿ?" ಎಂದರು.

"ನಾನೇ ಬರೀತೀನಿ ಬಿಡಿ" ಎಂದೆ.

ಅಪ್ಪ ಹೋದ ಮೇಲೆ ಫೋನಿನಲ್ಲಿ ನೀನಂದದ್ದು, ನಾನಂದದ್ದು ಎಲ್ಲ ಅಲ್ಲಿಗೇ ಇರಲಿ. ಭಾನುವಾರ ಉದ್ದನೆಯ ಏಣಿ ತೆಗೆದುಕೊಂಡು ಬಾ. ತುದಿಕೊಂಬೆಗಳಿಗೆ ನನ್ನ ಸಿಂಪಡಣೆ ತಲುಪುತ್ತಿಲ್ಲ. ಅಷ್ಟು ಮೇಲೆ ಹತ್ತುವ ಧೈರ್ಯ ನಮ್ಮ ಮನೆಯಲ್ಲಿ ನಿನಗೊಬ್ಬಳಿಗೇ ಇದ್ದದ್ದು.

ನಿನ್ನ ಹಟಮಾರಿ ತಂಗಿ