ಬಾವಿಯ ಮೇಲಿನ ಫರಸಿ

ಶಹಾಬಾದ, ಜೂನ್ ೧೯೭೧

ಧರ್ಮಣ್ಣ ಕಾಕಾ ಅವರಿಗೆ ಕಮರುನ್ನೀಸಾಳ ಸಲಾಮು.

ಪೂರ್ವ ಬಂಗಾಳದಲ್ಲಿ ಕೊಲೆಯಾದವರ ನೆನಪಿಗೆ ನಮ್ಮೂರ ಅಗಸಿ ಬಾಗಿಲ ಮುಂದೆ ಕಲ್ಲು ನಿಲ್ಲಿಸಿ, 'ಜಗತ್ತು ನೋಡುತ್ತ ಕುಳಿತಿತ್ತು' ಎಂದು ಕೆತ್ತಿಸುತ್ತೇವೆ, ನಿನ್ನ ಯಜಮಾನರ ಗಣಿಯಿಂದ ಒಳ್ಳೆಯ ಫರಸಿ ಚಪ್ಪಡಿ ಕಳಿಸು ಎಂದು ಬರೆದಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ರೇಡಿಯೋ ಕೇಳಿ ನನಗೂ ರೊಟ್ಟಿ ಸೇರುತ್ತಿಲ್ಲ. ದೊಡ್ಡ ದೇಶದವರೆಲ್ಲ ಸಭೆ ಸೇರುತ್ತಾರೆ, ಚಹಾ ಕುಡಿದು ಏಳುತ್ತಾರೆ.

ಆದರೆ ಕಲ್ಲು ಇಲ್ಲಿಂದ ಯಾಕೆ? ನಮ್ಮ ಹಳೇ ಮನೆಯ ಹಿತ್ತಲ ಬಾವಿಯ ಮೇಲೆ ಒಂದಿದೆಯಲ್ಲ. ನಲವತ್ತೆಂಟರಲ್ಲಿ ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆ್ಯಕ್ಷನ್ ಆದ ವಾರ ಊರಿಗೆ ನುಗ್ಗಿದವರು ಅಬ್ಬಾನನ್ನೂ ಅಣ್ಣಂದಿರನ್ನೂ ಕಡಿದು ಆ ಬಾವಿಗೇ ಎಸೆದರು. ನನ್ನನ್ನು ನಿಮ್ಮ ಅಡುಗೆಮನೆಯಲ್ಲಿ ಬಚ್ಚಿಟ್ಟು ಉಳಿಸಿದಿರಿ, ಮರೆತಿಲ್ಲ. ಆಮೇಲೆ ವಿಚಾರಣೆಗೆ ಸಾಹೇಬರು ಬರುತ್ತಾರೆಂದಾಗ ಬಾವಿಗೆ ಫರಸಿ ಮುಚ್ಚಿಸಿದವರೂ ನೀವೇ. "ಹಾಳ ಬಾವಿ ಅದರಿ ಸಾಹೇಬ್ರ, ಕೂಸುಗೋಳು ಬೀಳ್ತಾವಂತ ಮುಚ್ಚೀವಿ. ಬರ್ರಿ, ಚಾ ಕುಡೀರಿ" ಎಂದದ್ದು ಅಡುಗೆಮನೆಗೆ ಕೇಳಿಸಿತು. ಅವರೂ ಕುಡಿದು ಎದ್ದು ಹೋದರು.

ಅದೇ ಕಲ್ಲನ್ನು ಎತ್ತಿಸಿ. ಎತ್ತುವ ದಿನ ಮೊದಲೇ ತಿಳಿಸಿ, ಮೂಳೆಗಳಿಗೆ ಸುತ್ತಲು ಕಫನ್ ಬಟ್ಟೆ ತರುತ್ತೇನೆ. ಕೆತ್ತಿಸುವ ಮಾತು ಮಾತ್ರ ಬದಲಿಸಬೇಡಿ.

ನಿಮ್ಮ ಮನೆಯ ಅನ್ನ ಉಂಡ,
ಕಮರುನ್ನೀಸಾ