ಅವನು ಒಬ್ಬನೇ ಇರಲಿಲ್ಲ

ಕಂಬುರುಪಿಟಿಯ, ಮಾತರ
೨೨ ಮೇ ೨೦೨೩, ಸೋಮವಾರ

ನನ್ನ ದೊಡ್ಡ ಮಗ ಗಯಾನನಿಗೆ ಅಮ್ಮ ತಲೆ ನೇವರಿಸಿ ಬರೆಯುವುದು,

ಹೇಗಿದ್ದೀಯಾ ಮಗನೇ? ಹುಬ್ಬಿನ ಮೇಲಿನ ಗಾಯ ಪೂರ್ತಿ ಮಾಗಿತೇ? ಗುರುವಾರ ಕಂಪ್ಯೂಟರಿನಲ್ಲಿ ನೋಡಿದಾಗ ಒಂದು ಗೆರೆ ಮಾತ್ರ ಕಂಡಿತು. ರಾತ್ರಿ ನಿದ್ದೆ ಬರುತ್ತದೆಯೇ? ನಮಗಿಲ್ಲಿ ಸೆಕೆ, ಆ ಪರದೇಶದಲ್ಲಿ ಈಗ ಚಳಿ ಶುರುವಾಗಿರಬೇಕು. ಬರೀ ಬ್ರೆಡ್ ಕಡಿದುಕೊಂಡು ಮಲಗಬೇಡ, ಒಂದು ಹಿಡಿ ಅನ್ನ, ಒಂದಿಷ್ಟು ಬೇಳೆ ಬೇಯಿಸಿಕೊಳ್ಳುವುದು ದೊಡ್ಡ ಕೆಲಸವಲ್ಲ. ನಿನ್ನ ಕೆನ್ನೆ ಒಳಗೆ ಹೋಗಿದೆ. ಇಲ್ಲಿ ನಾವು ಇದ್ದೇವೆ. ನಿಮ್ಮಪ್ಪನಿಗೆ ಮಂಡಿನೋವು, ಎಣ್ಣೆ ಹಚ್ಚಿಕೊಳ್ಳಿ ಎಂದರೆ ನನ್ನ ಮೇಲೇ ರೇಗುತ್ತಾರೆ. ನನಗೆ ಶಾಲೆಮಕ್ಕಳ ಬಿಳಿ ಸಮವಸ್ತ್ರದ ಹೊಲಿಗೆ ರಾಶಿ ಬಿದ್ದಿದೆ. ಬುದ್ಧನ ವೆಸಾಕ್ ಹಬ್ಬ ಹೋಯಿತು. ಬೀದಿ ತುಂಬ ಗೂಡುದೀಪ ಇತ್ತು, ನಮ್ಮ ಬಾಗಿಲಲ್ಲಿ ಮಾತ್ರ ಒಂದು ಹಣತೆ ಇಟ್ಟೆವು. ಗೂಡುದೀಪ ಕಟ್ಟುವವನು ನಿನ್ನ ತಮ್ಮ ಪಸಿಂದು, ಕಾಗದ ಅಂಟಿಸಿಕೊಡುವವನು ನೀನು. ನಿಮ್ಮಿಬ್ಬರಲ್ಲಿ ಒಬ್ಬರೂ ಇಲ್ಲದೆ ನಾನೇನು ಕಟ್ಟಲಿ?

ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಕಾಗದ. ಕಾಗದ ನಿನ್ನ ಮೇಜಿನ ಮೇಲೆ ಬಿದ್ದಿರುತ್ತದೆ, ಒಂದಲ್ಲ ಒಂದು ದಿನ ಬಿಚ್ಚಲೇಬೇಕು. ಶುಕ್ರವಾರ ನಿನ್ನ ವಕೀಲೆ, ನನಗೆ ಇಂಗ್ಲಿಷ್ ಕಲಿಸಿದ ಉಪೇಕ್ಷಾ ಮಿಸ್‌ಗೆ ಬರೆದಿದ್ದರು. ಕೋರ್ಟಿನಿಂದ ಹೊರಗೆ ಬಂದ ಮೇಲೆ ನೀನು ಹೇಳಿದೆಯಂತೆ: "ನನ್ನ ಮಾತು ಬರೋ ಹೊತ್ತಿಗೆ ಅಮ್ಮನ ಬಾಯಿ ಕಟ್ಟಿಹೋಯ್ತು. ಅವಳಿಗೆ ನನ್ನ ಹೆಸರು ಹೇಳಕ್ಕೂ ಆಗ್ಲಿಲ್ಲ. ಇನ್ನು ನನ್ನ ಪರವಾಗಿ ಏನೂ ಕೇಳ್ಬೇಡಿ, ಎಷ್ಟು ವರ್ಷ ಕೊಡ್ತಾರೋ ಕೊಡ್ಲಿ. ಮನೆಗೂ ಏನೂ ತಿಳಿಸ್ಬೇಡಿ." ಮಿಸ್ ಅದನ್ನು ಓದಿ ಹೇಳಿದಾಗ ನನ್ನ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು. ಮಗನೇ, ನೀನು ತಪ್ಪು ತಿಳಿದಿದ್ದೀಯ. ನನ್ನ ಬಾಯಿ ಕಟ್ಟಿದ್ದು ನಿಜ. ಏಕೆ ಕಟ್ಟಿತು ಎನ್ನುವುದು ನಿನಗೆ ಗೊತ್ತಿಲ್ಲ. ಕ್ಯಾಮೆರಾದಲ್ಲಿ ನಿನಗೆ ಕಂಡದ್ದು ನನ್ನ ಕುತ್ತಿಗೆವರೆಗಿನ ಮುಖ ಒಂದೇ. ಉಳಿದದ್ದನ್ನು ನಾನು ಹೇಳುತ್ತೇನೆ, ಕೊನೆಯವರೆಗೆ ಓದು. ನಡುವೆ ಎದ್ದುಹೋಗುವ ನಿನ್ನ ಬುದ್ಧಿ ನನಗೆ ಗೊತ್ತು.

ಮೊದಲು ಆ ಮಾತು. ನಾವಿಬ್ಬರೂ ಅದನ್ನು ಒಮ್ಮೆಯೂ ಬಾಯಿಬಿಟ್ಟು ಆಡಲಿಲ್ಲ. ಕಳೆದ ಆಗಸ್ಟಿನಲ್ಲಿ ನೀವಿಬ್ಬರೂ ಆ ಶೀತಲ ಗೋದಾಮಿನ ಕೆಲಸ ಮುಗಿಸಿ ಬೆಳಗಿನ ಜಾವ ಮನೆಗೆ ಹೊರಟಿರಿ. ಗೆಳೆಯನಿಗೆ ಹುಷಾರಿಲ್ಲವೆಂದು ಅವನ ಪಾಳಿಯನ್ನೂ ನೀನೇ ಮಾಡಿದ್ದೆ. ಗಾಡಿ ಓಡಿಸುತ್ತಿದ್ದವನು ನೀನು. ಕಣ್ಣು ಮುಚ್ಚಿತು, ಗಾಡಿ ಮರಕ್ಕೆ ಹೊಡೆಯಿತು, ನೀನು ಉಳಿದೆ, ನಿನ್ನ ತಮ್ಮ ಉಳಿಯಲಿಲ್ಲ. ಮೊದಲ ದಿನಗಳಲ್ಲಿ ನಿನ್ನ ಮೇಲೆ ಸಿಟ್ಟು ಬರಲಿಲ್ಲ ಎಂದು ನಾನು ಸುಳ್ಳು ಹೇಳಲಾರೆ. ಬಂತು. ಮರದ ಮೇಲೂ ಬಂತು, ಆ ಗೋದಾಮಿನ ಮೇಲೂ ಬಂತು, ಬುದ್ಧನ ಪಟದ ಮುಂದೆ ಹೂವಿಡದೆ ಕೂತದ್ದೂ ಉಂಟು. ಆಮೇಲೆ ಒಂದು ದಿನ ಅವನ ಹಾಸಿಗೆ ಕೊಡವುವಾಗ ಪಕ್ಕದಲ್ಲಿದ್ದ ನಿನ್ನ ಹಾಸಿಗೆಯೂ ಕಣ್ಣಿಗೆ ಬಿತ್ತು. ಅಂದಿನಿಂದ ನನಗೆ ಒಂದೇ ಚಿಂತೆ, ಇರುವವನೂ ಕೈಬಿಟ್ಟು ಹೋಗುತ್ತಿದ್ದಾನಲ್ಲ ಎಂದು.

ಸತ್ತವನ ಮನೆಯವರು ಊರಿನಿಂದಲೇ ಕಂಪ್ಯೂಟರಿನಲ್ಲಿ ನ್ಯಾಯಾಧೀಶರಿಗೆ ಏನಾದರೂ ಹೇಳಬಹುದು ಎಂದು ಕೋರ್ಟಿನಿಂದ ತಿಳಿಸಿದರು. ಸತ್ತವನ ಮನೆಯವರೂ ನಾವೇ, ತಪ್ಪು ಹೊತ್ತವನ ಮನೆಯವರೂ ನಾವೇ. ನಮ್ಮ ಭಾಷೆಯವರೊಬ್ಬರು ಅನುವಾದ ಮಾಡಿ ಹೇಳುತ್ತಾರೆ ಎಂದರು. ನಾನು ಬೇಡವೆಂದೆ. ನನ್ನ ಮಕ್ಕಳ ವಿಷಯ ಇನ್ನೊಬ್ಬರ ಬಾಯಿಂದ ಏಕೆ ಹೋಗಬೇಕು? ನಾನೇ ಇಂಗ್ಲಿಷ್ ಕಲಿಯುತ್ತೇನೆಂದು ಹೊರಟೆ. ನಗಬೇಡ. ನಿಮ್ಮಪ್ಪ ಬೇಕಾದಷ್ಟು ನಕ್ಕಿದ್ದಾರೆ. ನಮ್ಮ ಕಡೆ ಇಂಗ್ಲಿಷಿಗೆ, ಬಾರದವರನ್ನು ಕಡಿದುಹಾಕುತ್ತದೆ ಎಂದು, ಕತ್ತಿ ಎನ್ನುವುದು ನಿನಗೆ ಗೊತ್ತೇ ಇದೆ. ದಿನಾ ಸಂಜೆ ನಾನು ಮನೆಗೆ ಬಂದರೆ, "ಏನೇ ಸೋಮೇ, ಕತ್ತಿ ಮಸೆದಾಯ್ತಾ ಇವತ್ತು?" ಎನ್ನುವರು. ನಾನು ಯಾವುದಕ್ಕೆ ಕಲಿಯುತ್ತಿದ್ದೇನೆ ಎಂದು ಬಿಡಿಸಿ ಹೇಳಿದ ಮೇಲೆ ಆ ಮಾತು ಆಡಲಿಲ್ಲ. ಹೋಗುವಾಗ ಕೊಡೆ ಬಿಚ್ಚಿಕೊಡಲು ಶುರುಮಾಡಿದರು.

ಉಪೇಕ್ಷಾ ಮಿಸ್ ನಿನಗಿಂತ ಚಿಕ್ಕವಳು, ಪೇಟೆಯಲ್ಲಿ ಬೇಕರಿಯ ಮೇಲ್ಮಹಡಿಯಲ್ಲಿ ಪಾಠ ಹೇಳುತ್ತಾಳೆ. ಹಡಗಿಗೆ ಸೇರುವವರು, ದುಬೈ ಹೋಟೆಲಿಗೆ ಹೋಗುವವರು, ಅವರ ನಡುವೆ ಹಿಂದಿನ ಬೆಂಚಿನಲ್ಲಿ ನಾನು. ಗುರುವಾರ ನನ್ನ ತಲೆಯ ಹಿಂದೆ ಗೋಡೆಯಲ್ಲಿ ನೀನು ಬೆಕ್ಕಿನ ಚಿತ್ರ ನೋಡಿರಬೇಕು. ಪೆಟ್ಟಿಗೆಯ ಮೇಲೆ ಬೆಕ್ಕು, ಒಳಗೆ ಬೆಕ್ಕು, ಕೆಳಗೆ ಬೆಕ್ಕು, ಹಿಂದೆ ಬೆಕ್ಕು. ಒಂದೊಂದು ಜಾಗಕ್ಕೆ ಒಂದೊಂದು ಪುಟ್ಟ ಮಾತು. ಆ ಹಾಳು ಬೆಕ್ಕು ಒಂದು ಕಡೆ ಸುಮ್ಮನೆ ಕೂತಿದ್ದರೆ ನಾನು ಎಂದೋ ಕಲಿತುಬಿಡುತ್ತಿದ್ದೆ. ಪುಟ್ಟ ಮಾತುಗಳಲ್ಲಿ ನನಗೆ ಮೊದಲು ನೆಟ್ಟಗೆ ಬಂದದ್ದು ವಿತ್, ಅಂದರೆ ಜೊತೆ. ಬೆಲ್ಲದ ಜೊತೆ ಚಹಾ ಎಂದು ಇಂಗ್ಲಿಷಿನಲ್ಲಿ ಹೇಳಿದೆ, ಹುಡುಗರು ಚಪ್ಪಾಳೆ ತಟ್ಟಿದರು. ಮನೆಗೆ ಬಂದು ನಿಮ್ಮಪ್ಪನಿಗೂ ಹೇಳಿದೆ. ಅವರು ಚಹಾ ಕುಡಿದರು, ಬೆಲ್ಲ ಹಾಗೇ ಬಿಟ್ಟರು.

ಕಷ್ಟ ಬಂದದ್ದು ಕೋರ್ಟಿನ ಮಾತು ಬರೆಯಲು ಕೂತಾಗ. ನನ್ನ ಮನಸ್ಸಿನಲ್ಲಿದ್ದದ್ದನ್ನು ನಮ್ಮ ಭಾಷೆಯಲ್ಲಿ ಹೇಳಿದೆ: "ದೊಡ್ಡೋನ ಕೈಯಿಂದ ಆಗಿಹೋಯ್ತು." ಮಿಸ್ ಬರೆಯದೆ ಪೆನ್ನು ಕೆಳಗಿಟ್ಟಳು. "ಆಂಟಿ, ಇದನ್ನ ಹೀಗೇ ಇಂಗ್ಲಿಷಿಗೆ ತಂದ್ರೆ ಅವನೇ ಕೈಯಾರೆ ಕೊಂದ ಅಂತ ಆಗತ್ತೆ" ಎಂದಳು. ನಾನು ಹೌಹಾರಿದೆ. ಕೈಯಿಂದ ಆಗಿಹೋಯಿತು ಎಂದರೆ ಅವನು ಬೇಕೆಂದು ಮಾಡಲಿಲ್ಲ, ಪಾಪ, ಅವನಿಗೂ ಗೊತ್ತಾಗದೆ ಆಯಿತು ಎಂದಲ್ಲವೇ? ಅಡುಗೆಮನೆಯಲ್ಲಿ ಮಡಕೆ ಒಡೆದ ಮಗು ಹೇಳುವ ಮಾತು ಅದು. ಹಾಗಾದರೆ ಇಂಗ್ಲಿಷಿನ ಇನ್ನೊಂದು ಪುಟ್ಟ ಮಾತು, ಬೈ ಎನ್ನುವುದನ್ನು ಹಾಕು ಎಂದೆ. ಅದೂ ಕೊಂದವನ ಹೆಸರಿನ ಹಿಂದೆ ಬರುವ ಮಾತಂತೆ. "ಬಸ್ಸಲ್ಲಿ ಬಂದೆ ಅನ್ನಕ್ಕೂ ಅದೇ ಅಂತ ಹೇಳ್ಕೊಟ್ಯಲ್ಲ ಮಿಸ್? ಬಸ್ಸಿಗೂ ಕೊಲೆಗಾರನಿಗೂ ಒಂದೇ ಮಾತಾ? ಏನು ಭಾಷೆನೋ ಇದು!" ಎಂದು ರೇಗಿಬಿಟ್ಟೆ. ಅವಳು ನಗಲಿಲ್ಲ. ಎದ್ದುಹೋಗಿ ಕಿಟಕಿಯ ಹತ್ತಿರ ನಿಂತು ಕಣ್ಣೊರೆಸಿಕೊಂಡಳು. ಆ ಹುಡುಗಿಯ ಋಣ ನಾನು ತೀರಿಸಲಾರೆ.

ಎಷ್ಟೋ ಸಂಜೆ ಹೀಗೇ ಹೋಯಿತು. ಒಂದು ಮಾತು ಹಾಕಿದರೆ ನೀನು ಕೊಲೆಗಾರ, ಇನ್ನೊಂದು ಹಾಕಿದರೆ ಅಲ್ಲಿ ನೀನು ಇರಲೇ ಇಲ್ಲ ಎನ್ನುವಂತೆ. ನೀನು ಇದ್ದೆ, ಅದೇ ನನಗೆ ಮುಖ್ಯ. ನನ್ನ ಚಿಕ್ಕವನ ಕೊನೆಯ ಉಸಿರಿನ ಹತ್ತಿರ ಗುರುತಿಲ್ಲದವರು ಯಾರೋ ಇದ್ದಿದ್ದರೆ ನಾನು ಹೇಗೆ ತಡೆದುಕೊಳ್ಳುತ್ತಿದ್ದೆ? ಒಂದು ದಿನ ಹೊಲಿಗೆ ಮಷೀನಿನ ಮುಂದೆ ಕೂತಿದ್ದಾಗ ತಾನಾಗಿ ಹೊಳೆಯಿತು. ಬಟ್ಟೆ ಅಲ್ಲೇ ಬಿಟ್ಟು ಬೇಕರಿ ಮಹಡಿಗೆ ಓಡಿದೆ. ನನಗೆ ಬರುವ ಒಂದೇ ಪುಟ್ಟ ಮಾತು ಸಾಕಾಗಿತ್ತು. ಮಿಸ್ ಓದಿ ನೋಡಿ, "ಇದರಲ್ಲಿ ಒಂದಕ್ಷರ ತಿದ್ದಲ್ಲ ಆಂಟಿ" ಎಂದಳು. ಬಾಯಿಪಾಠ ಮಾಡಿದೆ. ಅನ್ನ ಬಸಿಯುವಾಗ ಹೇಳಿಕೊಂಡೆ, ಬಾವಿ ಹತ್ತಿರ ಹೇಳಿಕೊಂಡೆ.

ಗುರುವಾರ ಇನ್ನೂ ಬೆಳಕು ಹರಿಯುವ ಮೊದಲೇ ನಾನು ಬಿಳಿ ಸೀರೆ ಉಟ್ಟೆ, ಇಬ್ಬರೂ ಬೇಕರಿ ಮಹಡಿಗೆ, ಮಿಸ್ಸಿನ ಕಂಪ್ಯೂಟರಿನ ಹತ್ತಿರ ಹೋದೆವು. ನಿಮ್ಮಪ್ಪನನ್ನು ಪಕ್ಕದಲ್ಲಿ ಕೂತುಕೊಳ್ಳಿ ಎಂದೆ. "ಆಗಲ್ಲ ಸೋಮೇ. ಅವನಿಗೆ ಗಾಡಿ ಬಿಡೋದು ಕಲಿಸಿದ್ದೇ ನಾನು. ಯಾವ ಮುಖ ಇಟ್ಕೊಂಡು ಕೂತ್ಕೊಳ್ಲಿ?" ಎಂದರು. ಆಗಸ್ಟಿನಿಂದ ಅವರು ಆಟೊ ಹೊರಗೆ ತೆಗೆದಿಲ್ಲ, ಅಂಗಳದಲ್ಲಿ ನಿಲ್ಲಿಸಿ ಅದರೊಳಗೆ ಸುಮ್ಮನೆ ಕೂತಿರುತ್ತಾರೆ. ಅಪ್ಪ ಬರಲೇ ಇಲ್ಲ ಎಂದು ನೀನು ಎಣಿಸಿರಬೇಕು. ಬಂದಿದ್ದರು ಮಗನೇ. ಕ್ಯಾಮೆರಾಕ್ಕೆ ಕಾಣದ ಹಾಗೆ ಮೇಜಿನ ಕೆಳಗೆ ನೆಲದ ಮೇಲೆ ಕೂತು, ನನ್ನ ಸೀರೆಯ ಅಂಚು ಹಿಡಿದುಕೊಂಡಿದ್ದರು. ನಾನು ಮಾತಾಡಿದಷ್ಟು ಹೊತ್ತೂ ಆ ಅಂಚು ಬಿಡಲಿಲ್ಲ.

ನ್ಯಾಯಾಧೀಶರು ಹೆಂಗಸು ಎಂದು ನನಗೆ ಯಾರೂ ಹೇಳಿರಲಿಲ್ಲ. ಸರ್ ಎಂದೇ ಕಲಿತಿದ್ದೆ, ಸರ್ ಎಂದೇ ಕರೆದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಒಳ್ಳೆಯ ಹೆಂಗಸು. ನಾನು ಶುರುಮಾಡಿದೆ. ಪಸಿಂದು ಹುಟ್ಟಿದ್ದು ಹೇಳಿದೆ, ಗೂಡುದೀಪ ಕಟ್ಟುತ್ತಿದ್ದದ್ದು ಹೇಳಿದೆ. ನೀನು ವಕೀಲೆಯ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದೆ, ನನಗೆ ನಿನ್ನ ನೆತ್ತಿ ಮಾತ್ರ ಕಾಣುತ್ತಿತ್ತು. ಅದು ಒಳ್ಳೆಯದೇ ಆಯಿತು, ನೆತ್ತಿ ನೋಡಿಕೊಂಡು ಹೇಳುವುದು ಸುಲಭ. ಕೊನೆಗೆ ಆ ಸಾಲಿಗೆ ಬಂದೆ. ಅವನು ಒಬ್ಬನೇ ಇರಲಿಲ್ಲ, ಎಂದೆ. ಅವನು, ಎಂದು ಮುಂದಿನ ಸಾಲು ತೆಗೆದೆ. ಆಗ ನೀನು ತಲೆ ಎತ್ತಿದೆ.

ನೀನು ಅವನ ಅಂಗಿ ಹಾಕಿಕೊಂಡಿದ್ದೆ. ಅವನು ಅಲ್ಲಿಗೆ ಹೊರಟಾಗ ನಾನು ಹೊಲಿದುಕೊಟ್ಟ ಆ ತಿಳಿನೀಲಿ ಅಂಗಿ. ಮೇಲಿನಿಂದ ಎರಡನೆಯ ಗುಂಡಿ ಉಳಿದವಕ್ಕಿಂತ ದೊಡ್ಡದು, ಅಂಗಡಿಯಲ್ಲಿ ಜೋಡಿ ಸಿಗದೆ ಹಳೆಯ ಡಬ್ಬಿಯಿಂದ ತೆಗೆದು ಹಾಕಿದ್ದೆ. ಹಾಕಿ ನೋಡಿದವನೇ ಕನ್ನಡಿ ಮುಂದೆ ನಿಂತು, "ಇದೇನಮ್ಮ, ಮುಂದಿನ ವರ್ಷದ ಮೈಗೆ ಹೊಲ್ದಿದ್ದೀಯಾ?" ಎಂದು ನಕ್ಕಿದ್ದ. ನಿನ್ನ ಮುಖ ನೋಡುವ ಮೊದಲು ನಾನು ಆ ಗುಂಡಿಯನ್ನು ನೋಡಿದೆ. ಒಂದು ಗಳಿಗೆ, ಒಂದೇ ಗಳಿಗೆ, ಅವನೇ ಕೂತಿದ್ದಾನೆ ಎಂದುಕೊಂಡೆ. ಆಮೇಲೆ ನಿನ್ನ ಮುಖ ಕಂಡಿತು. ಒಂದೇ ಅಂಗಿಯಲ್ಲಿ ನನ್ನ ಇಬ್ಬರೂ ಮಕ್ಕಳು. ಇಂಗ್ಲಿಷ್ ಎಲ್ಲಿ ಬರಬೇಕು, ನಮ್ಮ ಭಾಷೆಯೂ ಬರಲಿಲ್ಲ. ನ್ಯಾಯಾಧೀಶರು ಕಾದರು, ಅನುವಾದದವರು ಬೇಕೇ ಎಂದು ಕೇಳಿದರು, ಮಿಸ್ ಹಿಂದಿನಿಂದ ಮೆಲ್ಲಗೆ ಹೇಳಿಕೊಟ್ಟಳು. ನಾನು ತಲೆ ಆಡಿಸಿದೆ ಅಷ್ಟೇ. ಅಷ್ಟರಲ್ಲಿ ಹೊತ್ತು ಮೀರಿ ಕಂಪ್ಯೂಟರು ಕಪ್ಪಾಯಿತು.

ಆ ಸಾಲು ಪೂರ್ತಿ ಮಾಡಲು ಈ ಕಾಗದ. ಕೋರ್ಟಿಗೂ ಮಿಸ್ ಕಳಿಸಿಕೊಟ್ಟಿದ್ದಾಳೆ, ಆದರೆ ಅದು ನಿನಗಾಗಿ ಬರೆದದ್ದು. ಅವನು ಒಬ್ಬನೇ ಇರಲಿಲ್ಲ. ಅವನು ತನ್ನ ಅಣ್ಣನ ಜೊತೆ ಇದ್ದ. ಇಷ್ಟೇ ಮಗನೇ. ನಾನು ಕಲಿತ ಇಂಗ್ಲಿಷೆಲ್ಲ ಸೇರಿ ಇಷ್ಟೇ ಆಯಿತು. ಹುಟ್ಟಿದಾಗಿನಿಂದ ಅವನು ನಿನ್ನ ಜೊತೆಯೇ ಇದ್ದ, ಶಾಲೆಗೆ ನಿನ್ನ ಜೊತೆ, ಹೊಳೆಗೆ ನಿನ್ನ ಜೊತೆ, ಪರದೇಶಕ್ಕೆ ಬೇಡವೆಂದರೂ ಅಣ್ಣ ಇದ್ದಾನಲ್ಲ ಎಂದು ನಿನ್ನ ಜೊತೆ. ಕಣ್ಣು ಮುಚ್ಚಿದ್ದೂ ನಿನ್ನ ಜೊತೆಯೇ. ಅದು ನನಗೆ ಸಂಕಟವೂ ಹೌದು, ನನಗಿರುವ ಒಂದೇ ಸಮಾಧಾನವೂ ಹೌದು. ಈಗ ನೀನು ಒಬ್ಬನೇ ಇದ್ದೀಯ, ನನಗೆ ತಡೆಯಲಾಗದೆ ಇರುವುದು ಅದು.

ಮುಂದಿನ ತಿಂಗಳು ತೀರ್ಪು ಅಂತೆ. ಏನು ಕೊಟ್ಟರೂ ಕೊಡಲಿ, ಮುಗಿಸಿಕೊಂಡು ಬಾ. ಆದರೆ ನೀನಾಗಿ ಹೆಚ್ಚು ಶಿಕ್ಷೆ ಕೇಳಿಕೊಳ್ಳಬೇಡ. ಆಗಸ್ಟಿನಲ್ಲಿ ಅವನು ಹೋದ ವರ್ಷದ ದಾನಕ್ಕೆ ಭಿಕ್ಷುಗಳು ಬರುತ್ತಾರೆ. ಅವರ ಮುಂದೆ ನಾವು ಹೂಜಿ ಹಿಡಿದು ಬಟ್ಟಲಿಗೆ ನೀರು ಎರೆಯುವಾಗ ನಿನ್ನ ಹೆಸರನ್ನೂ ಹೇಳುತ್ತೇವೆ. ಹೋದವನಿಗೆ ಪುಣ್ಯ ಸಲ್ಲಲಿ, ಇರುವವನಿಗೆ ಬುದ್ಧ, ಧರ್ಮ, ಸಂಘದ ನೆರಳು ಸದಾ ಇರಲಿ. ಅಪ್ಪ ತನ್ನ ಆಶೀರ್ವಾದವನ್ನೂ ಬರೆ ಎಂದರು, ಬರೆದಿದ್ದೇನೆ.

ನಿನ್ನನ್ನು ಹೆತ್ತ,
ಸೋಮಲತಾ

ಮತ್ತೆ: ನಿಮ್ಮಪ್ಪ ಅಂಚೆಗೆ ಹಾಕಿ ಬರುತ್ತೇನೆಂದು ಆಟೊ ಸ್ಟಾರ್ಟ್ ಮಾಡಿ ಕೂತಿದ್ದಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಆ ಅಂಗಿ ನಿನಗೆ ಹೆಗಲಲ್ಲಿ ಬಿಗಿಯಾಗಿದೆ, ಕೈ ಎತ್ತಲು ನೀನು ಒದ್ದಾಡುತ್ತಿದ್ದದ್ದು ನನಗೆ ಕಂಡಿತು. ಒಳಗಡೆ ತಿರುಗಿಸಿ ನೋಡು. ಎರಡೂ ಪಕ್ಕದಲ್ಲಿ, ಹೆಗಲಲ್ಲಿ, ಬಟ್ಟೆ ಜಾಸ್ತಿ ಬಿಟ್ಟಿದ್ದೇನೆ, ಅವನು ಇನ್ನೂ ಮೈ ತುಂಬಿಕೊಳ್ಳುತ್ತಾನೆ ಎಂದು. ಬ್ಲೇಡಿನಲ್ಲಿ ಮೆಲ್ಲಗೆ ಹೊಲಿಗೆ ಬಿಚ್ಚಿ, ಅಲ್ಲಿ ಯಾರಾದರೂ ಹೊಲಿಯುವವರ ಹತ್ತಿರ ಅಗಲ ಮಾಡಿಸಿಕೊ. ನಿನಗೆ ಸರಿಯಾಗುವಷ್ಟು ಬಟ್ಟೆ ಇದೆ. ತೀರ್ಪಿನ ದಿನ ಅದನ್ನೇ ಹಾಕಿಕೊಂಡು ಹೋಗು.