ನಡೆಯಬಲ್ಲವಳಿಗೊಂದು ಕುರ್ಚಿ

ಜನವರಿ ೧೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಚಿಗರೆ,

ನೀವು ಮೂವರೂ ಕ್ಷೇಮವೆಂದು ನಂಬಿದ್ದೇನೆ. ನಾನು ಕಲ್ಲುಗುಂಡಿನ ಹಾಗಿದ್ದೇನೆ. ಈ ಮಾತನ್ನು ಎರಡು ಸಲ ಓದು. ಊರು ತಲುಪಿದ ಕೂಡಲೇ ಬರೆ ಎಂದು ನೀನು ಹೇಳಿದ್ದೆ, ವಾರಗಳೇ ಕಳೆದವು. ಸಿಟ್ಟು ಇಳಿಯಲಿ ಎಂದು ಕಾದೆ. ಅದು ಇಳಿಯುವ ಲಕ್ಷಣ ಕಾಣದ್ದರಿಂದ ಸಿಟ್ಟಿನಲ್ಲೇ ಕೂತು ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮಿಸು, ಮುಂದೆ ಬರೆಯುವುದಕ್ಕೆ ಕ್ಷಮೆ ಕೇಳುವವಳಲ್ಲ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ನಾನು ಬಾಯಿ ತೆರೆಯುವಷ್ಟರಲ್ಲಿ "ಅಕ್ಕಾ, ಗಿರಾಕಿ ಬಂದ್ರು, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ಗಿರಾಕಿ ಹೋಗುವ ತನಕ ಕಾಯುತ್ತದೆ.

ಒಳ್ಳೆಯದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಿಟ್ಟಿನಲ್ಲಿ ಮರೆತುಹೋದೀತು. ನಿನ್ನ ಗಂಡ ದಿನಾ ಬೆಳಿಗ್ಗೆ ಕಾಫಿ ಮಾಡಿಕೊಟ್ಟರು, ಸಕ್ಕರೆ ಎಷ್ಟೆಂದು ಮೊದಲ ದಿನ ಕೇಳಿದ್ದೇ ಕೊನೆ. ನಿನ್ನ ಕನ್ನಡಕದ ಅಂಗಡಿ ನೋಡಿ ಎದೆ ತುಂಬಿ ಬಂತು. ಕತ್ತಲೆ ಕೋಣೆಯಲ್ಲಿ ಆ ದಢೂತಿ ಮನುಷ್ಯನ ಗಲ್ಲವನ್ನು ಯಂತ್ರಕ್ಕೆ ಒತ್ತಿ "ಅಲ್ಲಾಡಬೇಡಿ" ಎಂದು ಗದರಿಸಿದೆಯಲ್ಲ, ಆ ಗತ್ತು ನನ್ನಿಂದ ಬಂದದ್ದು. ಆದರೆ ಊರವರ ಕಣ್ಣನ್ನೆಲ್ಲ ಪರೀಕ್ಷೆ ಮಾಡುವವಳಿಗೆ ಅಕ್ಕನ ಕಾಲು ಮಾತ್ರ ಕಾಣಲಿಲ್ಲ.

ರಜೆಗೆ ನಿಮ್ಮ ಆ ಪರದೇಶಕ್ಕೆ ಬಾ, ಬಾ ಎಂದು ಕರೆದೆ. ಬಂದರೆ ಮನೆಯಲ್ಲಿ ರಜೆ ಇಲ್ಲದವಳು ನೀನೊಬ್ಬಳೇ. ಯಾವಾಗ ಮಾತಾಡೋಣವೆಂದರೂ ನಿನ್ನದು ಒಂದೇ ಉತ್ತರ: "ಏರ್‌ಪೋರ್ಟಲ್ಲಿ ಸಾಲು ಉದ್ದ ಇರುತ್ತೆ ಅಕ್ಕಾ, ಅಲ್ಲಿ ನಿಂತ್ಕೊಂಡು ಬೇಕಾದಷ್ಟು ಮಾತಾಡೋಣ." ಅಲ್ಲಿಯವರೆಗೆ ನನಗೆ ಸಿಕ್ಕಿದ್ದು "ನೀನು ಕೂತ್ಕೋ." ಪಾರ್ಕಿನಲ್ಲಿ ನೀವೆಲ್ಲ ಕೆರೆ ಸುತ್ತಿ ಬಂದಿರಿ, ನಾನು ಬೆಂಚಿನ ಮೇಲೆ ಕೂತು ನಿಮ್ಮ ಕೋಟು ಕಾದೆ. ಈಜುಕೊಳದಲ್ಲಿ ಟವೆಲ್ಲು ಕಾದೆ. ಜೀವಮಾನವೆಲ್ಲ ಶಾಲೆಯ ಮೈದಾನದಲ್ಲಿ ಸೀಟಿ ಊದಿ ಮಕ್ಕಳನ್ನು ಓಡಿಸಿದ ಡ್ರಿಲ್ ಟೀಚರಿಗೆ ಈ ವಯಸ್ಸಿನಲ್ಲಿ ಕೋಟು ಕಾಯುವ ಬಡ್ತಿ.

ನಿನ್ನ ಮಗಳು ಒಂದು ದಿನ ಕೇಳಿದಳು, "ದೊಡ್ಡಮ್ಮಾ, ನಿಂಗೆ ಕಾಲು ಕೆಟ್ಟೋಗಿದ್ಯಾ?" ಯಾರು ಹೇಳಿದರೆಂದು ನಾನು ಕೇಳಲಿಲ್ಲ. ಸೀರೆ ಎತ್ತಿ ಕಟ್ಟಿದೆ, ಮನೆ ಹಿಂದಿನ ಬೀದಿಯಲ್ಲಿ ದೀಪದ ಕಂಬದಿಂದ ಅಂಚೆ ಡಬ್ಬಿಯವರೆಗೆ ಇಬ್ಬರೂ ಓಡಿದೆವು. ಗೆದ್ದದ್ದು ಯಾರೆಂದು ಅವಳನ್ನೇ ಕೇಳು. ಅವಳು ಬಿದ್ದು ಬಿದ್ದು ನಗುತ್ತಿದ್ದಾಗ ನೀನು ಕಾರಿನಿಂದ ಇಳಿದೆ. "ಏನಕ್ಕಾ ಇದು, ಬಿದ್ದು ಕಾಲು ಮುರ್ಕೊಂಡ್ರೆ ಇಲ್ಲಿ ಯಾರು ನೋಡ್ಕೋತಾರೆ?" ಅಂದೆ. ಮಗುವಿನ ಮುಂದೆ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಹೊರಡುವ ದಿನ ಹತ್ತಿರವಿದ್ದುದರಿಂದ ನುಂಗಿಕೊಂಡೆ.

ಆ ದಿನವೂ ಬಂತು. ಏರ್‌ಪೋರ್ಟಿನ ಬಾಗಿಲಲ್ಲೇ ನೀಲಿ ಅಂಗಿಯ ಹುಡುಗಿಯೊಬ್ಬಳು ವೀಲ್‌ಚೇರ್ ಹಿಡಿದು ನಿಂತಿದ್ದಳು. ಪಾಪ, ಯಾರಿಗೋ ಹುಷಾರಿಲ್ಲ ಅಂದುಕೊಂಡೆ. ಆ ಪಾಪ ನಾನೇ. "ಎಲ್ರೂ ಹೀಗೇ ಮಾಡ್ತಾರಕ್ಕಾ. ಮಂಡಿ ನೋವು ಅಂತ ಬುಕ್ ಮಾಡಿದ್ರೆ ಸಾಲಲ್ಲಿ ನಿಲ್ಲೋ ಕಷ್ಟ ಇಲ್ಲ, ಭಾಷೆ ಗೊತ್ತಿಲ್ದಿದ್ರೂ ಸೀದಾ ವಿಮಾನದ ಬಾಗಿಲಿಗೆ ಬಿಡ್ತಾರೆ" ಅಂದೆ. ಎಲ್ಲರೂ ಮಾಡುತ್ತಾರೆ, ನಿಜ. ನಮ್ಮ ಪಕ್ಕದ ಮನೆಯವರೂ ಹಾಗೇ ಬಂದು ಅದನ್ನೇ ದೊಡ್ಡಸ್ತಿಕೆಯಾಗಿ ಹೇಳಿಕೊಂಡು ತಿರುಗುತ್ತಾರೆ. ಆದರೆ ನನ್ನ ಮಂಡಿಗೆ ನೋವು ಹಚ್ಚುವ ಮುಂಚೆ ಮಂಡಿಯ ಒಡತಿಯನ್ನು ಒಂದು ಮಾತು ಕೇಳಬಾರದಿತ್ತೇ? ನಾನು ಬೇಡವೆಂದಾಗ ನೀನು ಹಲ್ಲು ಕಚ್ಚಿಕೊಂಡು "ಸೀನ್ ಮಾಡ್ಬೇಡ, ಕೂತ್ಕೋ" ಅಂದೆ. ಕೂತೆ. ನಾಲ್ಕು ಜನರ ಮುಂದೆ ತಂಗಿಯ ಮಾನ ಕಳೆಯಬಾರದೆಂದು ಕೂತೆ.

ವಿಮಾನದೊಳಗೆ ಇನ್ನೊಂದು ಪ್ರಸಂಗ. ಕುರ್ಚಿಯಲ್ಲಿ ಬಂದವರಿಗೆ ಕಿವಿಯೂ ಕೇಳುವುದಿಲ್ಲ, ಬುದ್ಧಿಯೂ ಇರುವುದಿಲ್ಲ ಎಂದು ಗಗನಸಖಿಯರಿಗೆ ಯಾರು ಪಾಠ ಮಾಡಿದ್ದಾರೋ. ಆಕೆ ನನ್ನನ್ನು ಬಿಟ್ಟು ಪಕ್ಕದಲ್ಲಿದ್ದ ಗಡ್ಡದವನನ್ನು ಕೇಳಿದಳು, "ಇವರು ಊಟ ಮಾಡ್ತಾರಾ?" ಅಷ್ಟು ಅರ್ಥವಾಗುವಷ್ಟು ಅವರ ಭಾಷೆ ನನಗೂ ಬರುತ್ತದೆ. ಆ ಮನುಷ್ಯನಿಗೆ ನಾನು ಯಾರೋ ಏನೋ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. "ಮಾಡ್ತಾರೆ, ಚೆನ್ನಾಗೇ ಮಾಡ್ತಾರೆ" ಎಂದು ನಾನೇ ಹೇಳಿದೆ. ಕಾಲು ಜೋಮು ಹಿಡಿದು ಎರಡು ಹೆಜ್ಜೆ ಹಾಕೋಣವೆಂದು ಎದ್ದರೆ ಅವಳು ಓಡಿಬಂದು ತೋಳು ಹಿಡಿದು ಮತ್ತೆ ಕೂರಿಸಿದಳು.

ವಿಮಾನ ಇಲ್ಲಿ ಇಳಿದ ಮೇಲೆ ಎಲ್ಲರೂ ಹೋಗುವ ತನಕ ಕಾಯಬೇಕಂತೆ, ಕುರ್ಚಿ ಬರುತ್ತದಂತೆ. ನಾನು ಕಾಯಲಿಲ್ಲ. ಚೀಲ ಹೆಗಲಿಗೆ ಹಾಕಿ ನಡೆದೇಬಿಟ್ಟೆ. ಉದ್ದದ ಓಣಿಯಲ್ಲಿ ಹಿಂದಿನಿಂದ ಗಾಲಿಯ ಸದ್ದು, "ಅಮ್ಮಾ, ಅಮ್ಮಾ, ನಿಂತ್ಕೊಳಿ" ಎಂಬ ಕೂಗು. ಕುರ್ಚಿ ತಳ್ಳುವವನು, ನನ್ನ ವಾರಿಗೆಯವನೇ, ಏದುಸಿರು ಬಿಡುತ್ತ ಬಂದ. "ಖಾಲಿ ಕುರ್ಚಿ ತಳ್ಕೊಂಡು ಹೋದ್ರೆ ಸೂಪರ್‌ವೈಸರ್ ಬೈತಾರಮ್ಮಾ." ಹಾಗಾದರೆ ಇದನ್ನು ಕೂರಿಸು ಎಂದು ಚೀಲವನ್ನು ಕುರ್ಚಿಯ ಮೇಲಿಟ್ಟೆ. ಅದಕ್ಕೆ ಬೆಲ್ಟೂ ಹಾಕಿದ ಪುಣ್ಯಾತ್ಮ. ಬಾಗಿಲವರೆಗೆ ಇಬ್ಬರೂ ಜೊತೆಯಾಗಿ ನಡೆದೆವು. ಅವನ ಮಗಳ ಮದುವೆಯಿಂದ ನನ್ನ ಮೈದಾನದವರೆಗೆ ಎಲ್ಲ ಮಾತಾಡಿದೆವು. ಇಡೀ ರಜೆಯಲ್ಲಿ ಒಬ್ಬರ ಜೊತೆ ಹೆಜ್ಜೆ ಹಾಕುತ್ತ ಮಾತಾಡಿದ್ದು ಅಲ್ಲೇ ಮೊದಲು.

ಇಷ್ಟು ಬೈದು ಮುಗಿಸಿದ್ದೇನೆ. ಮುಂದಿನ ರಜೆಗೆ ನೀನೇ ಇಲ್ಲಿಗೆ ಬಾ. ನಾನು ಇನ್ನೊಮ್ಮೆ ಅಲ್ಲಿಗೆ ಬರುವುದು ನಿನ್ನ ಮೇಲಿದೆ, ನನ್ನ ಮಂಡಿಯ ಮೇಲಲ್ಲ. ಮಗುವನ್ನು ದಿನಾ ಅಂಚೆ ಡಬ್ಬಿಯವರೆಗೆ ಓಡಿಸು, ಅವಳಿಗೆ ನಿನ್ನದೇ ಕಾಲು. ನಿನ್ನ ಗಂಡನಿಗೆ ನನ್ನ ಆಶೀರ್ವಾದ ತಿಳಿಸು. ನಿನಗೂ ಇದೆ, ಸಿಟ್ಟಿನ ಅಡಿಯಲ್ಲಿ ಹುಡುಕಿಕೋ. ನೂರು ವರ್ಷ ಕಣ್ಣು, ಕಾಲು ಗಟ್ಟಿಯಾಗಿರಲಿ.

ನಿನ್ನ
ಅಕ್ಕ

ತಾ.ಕ.: ಕುರ್ಚಿಯದ್ದೇ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ನಾನು ಬೆಂಚಿನ ಮೇಲೆ ಕೂತಾಗಲೆಲ್ಲ ಏರ್‌ಪೋರ್ಟಿನ ಆ ಸಾಲಿಗಾಗಿ ಕಾಯುತ್ತಿದ್ದೆ. ಅಮ್ಮ ಹೋದ ಮೇಲೆ ನಾವಿಬ್ಬರೂ ಕೂತು ಅಳಲೂ ಇಲ್ಲ, ನಿನಗೆ ರಜೆ ಸಿಕ್ಕಿರಲಿಲ್ಲ. ಅವಳ ಕೊನೆಯ ದಿನಗಳನ್ನು ನಿನಗೆ ಹೇಳಬೇಕಿತ್ತು, ಅದನ್ನು ಫೋನಿನಲ್ಲಿ ಹೇಳಲಾರೆ. ಸಾಲು ನೀನು ಹೇಳಿದಷ್ಟೇ ಉದ್ದವಿತ್ತು. ಕುರ್ಚಿ ಅದರ ಪಕ್ಕದಲ್ಲೇ ಸರ್ರನೆ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ನೋಡು, ಎಷ್ಟು ಬೇಗ ಆಯ್ತು" ಎಂದು ನೀನು ಖುಷಿಪಟ್ಟೆ. ಗಾಜಿನ ಬಾಗಿಲ ಹತ್ತಿರ ನನ್ನ ತಲೆ ಸವರಿ "ಜೋಪಾನ" ಅಂದೆ. ಏಳೋಣವೆಂದರೆ ಸೊಂಟಕ್ಕೆ ಬೆಲ್ಟು ಬಿಗಿದಿದ್ದರು. ಚಿಕ್ಕವಳಿದ್ದಾಗ ನೀನು ಓಡುವಾಗ ನಾನು ಕೊನೆಯ ಗೆರೆಯಾಚೆ ಎರಡೂ ಕೈ ಚಾಚಿ ನಿಲ್ಲುತ್ತಿದ್ದೆ. ಗೆದ್ದರೂ ಸೋತರೂ ನೀನು ಬಂದು ಬೀಳುತ್ತಿದ್ದುದು ಅಲ್ಲಿಗೇ. ಅವತ್ತೂ ನಾನು ಹಾಗೇ ಕೈ ಚಾಚಿದ್ದೆ ಕಣೆ. ಕೂತವಳನ್ನು ಅಪ್ಪಿಕೊಳ್ಳಬೇಕಾದರೆ ನಿಂತವರು ಬಗ್ಗಬೇಕು. ನೀನು ಬಗ್ಗಲಿಲ್ಲ.